ಬಣ್ಣಿಸುವುದು ಬೇರೆ, ಬಣ್ಣ ಕಟ್ಟುವುದು ಬೇರೆ

‘ಬಣ್ಣ’ವೆಂಬುದು ‘ವರ್ಣ’ ಶಬ್ದದ ತದ್ಭವವೆಂಬುದನ್ನು ತಾವು ಬಲ್ಲಿರಿ. ಅದರಿಂದಲೇ ‘ಬಣ್ಣಿಸು’ ಎಂಬ ಮಾತು ಬಂದಿತು. ಇದ್ದುದನ್ನು ಸೊಗಸಾಗಿ ಹೇಳುವುದು ಎಂದು ಅದರ ಅರ್ಥ. ‘ಬಣ್ಣ ಕಟ್ಟಿ ಹೇಳುವುದು’ ಎಂದರೆ ಇಲ್ಲದುದನ್ನು ಸೇರಿಸಿ ಹೇಳುವುದು. ಈ ಎರಡರ ನಡುವಣ ಗೆರೆಯ ಮೇಲೆ ನಿಂತು ದುಡಿಯುವ ಕಸುಬುದಾರನೊಬ್ಬನು ಚಲನಚಿತ್ರ ಪ್ರಪಂಚದಲ್ಲಿದ್ದಾನೆ. ಹಿಂದೆ ಅವನನ್ನು ಗ್ರೇಡರ್ ಎನ್ನುತ್ತಿದ್ದರು. ಇಂದು ಕಲರಿಸ್ಟ್ ಎನ್ನುತ್ತಾರೆ.

ಅವನ ಕೆಲಸವೇನೆಂಬುದು ದೊಡ್ಡಬಳ್ಳಾಪುರದ ಮಗ್ಗಗಳನ್ನು ಕಂಡವರಿಗೆ ಸುಲಭವಾಗಿ ತಿಳಿದೀತು. ಇಂದು ಬಣ್ಣ ಹಾಕಿದ ರೇಷ್ಮೆನೂಲು ನಿನ್ನೆಯದಕ್ಕೆ ಹೊಂದದಿದ್ದರೆ ಸೀರೆಯ ಒಡಲಲ್ಲಿ ಬೇಡದ ಪಟ್ಟೆ ಮೂಡುತ್ತದೆ. ಸಿನಿಮಾದಲ್ಲಿಯೂ ಹಾಗೆಯೇ. ತೆರೆಯ ಮೇಲೆ ಎರಡು ನಿಮಿಷ ನಡೆಯುವ ಮಾತುಕತೆಯನ್ನು ಮೂರು ದಿನ ಚಿತ್ರೀಕರಿಸಿರಬಹುದು. ಒಂದು ದಿನ ಮೋಡ, ಮರುದಿನ ಸುಡುಬಿಸಿಲು. ಆ ತುಂಡುಗಳೆಲ್ಲವನ್ನೂ ಒಂದೇ ಹೊತ್ತಿನವೆಂಬಂತೆ ಹೊಂದಿಸುವವನೇ ಈತ. ಕೆಲಸ ಚೆನ್ನಾಗಿ ನಡೆದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಟ್ಟರೆ ಎಲ್ಲರ ಕಣ್ಣಿಗೂ ಬೀಳುತ್ತದೆ.

ಫಿಲ್ಮಿನ ಕಾಲದಲ್ಲಿ ಈ ಕಾರ್ಯ ಸಂಸ್ಕರಣಾಲಯದಲ್ಲಿ ನಡೆಯುತ್ತಿತ್ತು. ನೆಗೆಟಿವಿನಿಂದ ಪ್ರತಿ ತೆಗೆಯುವಾಗ ಕೆಂಪು, ಹಸಿರು, ನೀಲಿ ಬೆಳಕುಗಳು ಎಷ್ಟೆಷ್ಟು ಹಾಯಬೇಕೆಂಬುದನ್ನು ಗ್ರೇಡರನು ಒಂದೊಂದು ತುಣುಕಿಗೂ ಅಂಕಿಗಳಲ್ಲಿ ಗುರುತು ಮಾಡುತ್ತಿದ್ದನು. ಮೊದಲ ಪ್ರತಿಯನ್ನು ನಿರ್ದೇಶಕನೂ ಛಾಯಾಗ್ರಾಹಕನೂ ನೋಡಿ ದೋಷ ಹೇಳಿದರೆ ಅಂಕಿಗಳನ್ನು ತಿದ್ದಿ ಇನ್ನೊಂದು ಪ್ರತಿ ತೆಗೆಯುತ್ತಿದ್ದರು. ಕಪ್ಪು-ಬಿಳುಪು ಚಿತ್ರಕ್ಕೂ ಇದು ತಪ್ಪಿದ್ದಲ್ಲ. ಬಣ್ಣವಿಲ್ಲದಿದ್ದರೂ ಕಪ್ಪಿಗೆ ನೂರು ಛಾಯೆಗಳುಂಟು.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಪೂರ್ಣವಾಗಿ ವರ್ಣದಲ್ಲಿ ತಯಾರಾದ ಮೊದಲ ಕನ್ನಡ ಚಿತ್ರಕ್ಕಾಗಿ ಮೂವತ್ತು ವರ್ಷ ಕಾಯಬೇಕಾಯಿತು. ಅದು ಬಿ. ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’, 1964. ರಂಗಾ ಅವರು ಸ್ವತಃ ಛಾಯಾಗ್ರಾಹಕರು. ಮದರಾಸಿನಲ್ಲಿ ವಿಕ್ರಂ ಸ್ಟುಡಿಯೋ ನಡೆಸಿದವರು. ನಮ್ಮ ಚಿತ್ರಗಳ ನೆಗೆಟಿವುಗಳು ಬಹುಕಾಲ ಆ ಊರಿನ ಸಂಸ್ಕರಣಾಲಯಗಳಿಗೇ ಪ್ರಯಾಣ ಮಾಡುತ್ತಿದ್ದವು.

ವರ್ಣ ಬಂದ ಮೇಲೂ, ಅಲ್ಪ ಹಣದಲ್ಲಿ ಚಿತ್ರ ತೆಗೆದ ನಮ್ಮ ಹೊಸ ಅಲೆಯವರು ಕಪ್ಪು-ಬಿಳುಪನ್ನು ಬಿಡಲಿಲ್ಲ. ‘ಸಂಸ್ಕಾರ’ (1970), ‘ಚೋಮನ ದುಡಿ’ (1975), ‘ಘಟಶ್ರಾದ್ಧ’ (1977), ಸ್ವರ್ಣಕಮಲ ಪಡೆದ ಈ ಮೂರೂ ಅಂಥವೇ. ಕೊನೆಯ ಎರಡಕ್ಕೆ ಕ್ಯಾಮೆರಾ ಹಿಡಿದವರು ಎಸ್. ರಾಮಚಂದ್ರ.

ಇಂಥ ಕಣ್ಣುಗಳನ್ನು ತಿದ್ದುವ ಶಾಲೆಯೂ ನಮ್ಮಲ್ಲಿಯೇ ಇತ್ತು. 1943ರಲ್ಲಿ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಆರಂಭವಾದ ಸಿನಿಮಾ ಛಾಯಾಗ್ರಹಣದ ತರಗತಿಯಲ್ಲಿ ಕಲಿತವರು ವಿ. ಕೆ. ಮೂರ್ತಿ, ಮುಂದೆ ಗೋವಿಂದ ನಿಹಲಾನಿಯವರೂ ಅಲ್ಲಿಯೇ ಕಲಿತರು. ಆ ಶಿಕ್ಷಣವೇ ದೊಡ್ಡಬಳ್ಳಾಪುರಕ್ಕೂ ನೆಲಮಂಗಲಕ್ಕೂ ಸಮೀಪವಾದ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ ಮುಂದುವರಿಯಿತು.

ಈಗ ಈ ಕಸುಬು ಗಣಕಯಂತ್ರಕ್ಕೆ ಬಂದಿದೆ. 2000ದಲ್ಲಿ ತೆರೆಕಂಡ ಅಮೆರಿಕದ ‘ಓ ಬ್ರದರ್, ವೇರ್ ಆರ್ಟ್ ದೌ?’ ಚಿತ್ರದಲ್ಲಿ ಹಚ್ಚಹಸುರಾಗಿದ್ದ ಮಿಸಿಸಿಪಿಯ ಬಯಲನ್ನು ಒಣಗಿದ ಹಳದಿಗೆ ತಿರುಗಿಸಿದರು. ಇದು ಬಣ್ಣ ಕಟ್ಟಿದ್ದಲ್ಲವೇ ಎಂದು ತಾವು ಕೇಳಬಹುದು. ಅಲ್ಲ, ಅದರ ನಿರ್ದೇಶಕರೂ ಛಾಯಾಗ್ರಾಹಕ ರೋಜರ್ ಡೀಕಿನ್ಸರೂ ಆ ಬಣ್ಣವನ್ನೇ ಮನಸ್ಸಿನಲ್ಲಿಟ್ಟುಕೊಂಡು ಚಿತ್ರ ತೆಗೆದಿದ್ದರು. ಇಂದು ಈ ಕೆಲಸದ ತಂತ್ರಾಂಶಗಳಲ್ಲಿ ಪುಕ್ಕಟೆಯಾಗಿ ದೊರೆಯುವುವೂ ಇವೆ. ಬಡ ನಿರ್ಮಾಪಕರಿಗೆ ಇದು ದೊಡ್ಡ ಅನುಕೂಲ. ಆದರೆ ಹಿಂದೆ ಇಡೀ ಚೌಕಟ್ಟಿನ ಬಣ್ಣವನ್ನು ಮಾತ್ರ ಬದಲಿಸಬಲ್ಲವನಾಗಿದ್ದ ಗ್ರೇಡರನ ಸ್ಥಾನದಲ್ಲಿರುವವನು ಈಗ ಒಂದು ಮುಖವನ್ನೋ ಒಂದು ಮರವನ್ನೋ ಮಾತ್ರ ಬದಲಿಸಬಲ್ಲ. ಕೈಯಲ್ಲಿ ಶಕ್ತಿ ಹೆಚ್ಚಿದಂತೆ ಸಂಯಮವೂ ಹೆಚ್ಚಬೇಕಷ್ಟೆ.

ಹಳೆಯ ಚಿತ್ರಗಳ ಸಂಗತಿಯಲ್ಲಿ ಈ ಮಾತು ಇನ್ನೂ ದಿಟ. ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, ‘ಕಸ್ತೂರಿ ನಿವಾಸ’ 2014ರಲ್ಲಿ ಹೊಸದಾಗಿ ಬಣ್ಣ ತುಂಬಿಸಿಕೊಂಡು ಬಂದವು. ಜನ ಸಂತೋಷಪಟ್ಟರು, ಆದರೆ ಅಲ್ಲಿನ ಬಣ್ಣ ಬಹುಮಟ್ಟಿಗೆ ಊಹೆಯದು, ನೆಗೆಟಿವಿನಲ್ಲಿದ್ದುದಲ್ಲ. ‘ಘಟಶ್ರಾದ್ಧ’ದ ಹಾದಿ ಬೇರೆ. ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಕೂಡಿ ಅದನ್ನು ಜೀರ್ಣೋದ್ಧಾರ ಮಾಡಿಸಿದವು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದು ಕಪ್ಪು-ಬಿಳುಪಾಗಿಯೇ ತೆರೆಗೆ ಬಂದಿತು. ರಾಮಚಂದ್ರ ಅವರು 2011ರಲ್ಲಿಯೇ ತೀರಿಕೊಂಡಿದ್ದರು. ಆದರೆ ನಿರ್ದೇಶಕ ಗಿರೀಶ ಕಾಸರವಳ್ಳಿಯವರು ಆ ಕಾರ್ಯದಲ್ಲಿ ಜೊತೆಗಿದ್ದರು. ಆ ಚಿತ್ರದ ಇರುಳನ್ನು ಸ್ವಲ್ಪ ಹೆಚ್ಚು ಬೆಳಗಿಸಿದರೂ ಬಾಲಕ ನಾಣಿಯ ಭಯ ಕರಗಿಹೋಗುತ್ತದೆ. ಕತ್ತಲೆ ಎಷ್ಟಿರಬೇಕೆಂದು ಬಲ್ಲವರು ಬದುಕಿರುವಾಗಲೇ ಇಂಥ ಕೆಲಸ ನಡೆಯಬೇಕು. ಎಷ್ಟೋ ಕನ್ನಡ ಚಿತ್ರಗಳಿಗೆ ಆ ಸಾಕ್ಷಿಗಳು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ.

ಇನ್ನು ಮುಂದೆ ಚಿತ್ರ ಮುಗಿದು ಹೆಸರುಗಳು ಸಾಲಾಗಿ ಸಾಗುವಾಗ ತಾವು ಕ್ಷಣಕಾಲ ಕುಳಿತಿದ್ದು ‘ಕಲರಿಸ್ಟ್’ ಎಂಬ ಪದವನ್ನು ಹುಡುಕಿರಿ. ತನ್ನ ಬಣ್ಣವನ್ನು ತೋರದೆ ಪರರ ಕಣ್ಣಿಗೆ ನಿಷ್ಠನಾಗಿ ನಡೆದವನ ಹೆಸರು ಅದರ ಪಕ್ಕದಲ್ಲಿರುತ್ತದೆ.