ತಂತಿ ಮತ್ತು ದನಿ

ದೂರದವರಿಗೆ ಮಾತು ಮುಟ್ಟಿಸುವ ಕಷ್ಟ ನಮ್ಮ ಸೀಮೆಗೆ ಹೊಸದಲ್ಲ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಅವರು ಮಸ್ಕಿಯಲ್ಲಿ ಕಂಡ ಶಾಸನ ಅದಕ್ಕೆ ಸಾಕ್ಷಿ. ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನ ಹೆಸರನ್ನೂ ಉಳಿಸಿಕೊಟ್ಟ ಬಂಡೆ ಅದು. ಬಂಡೆಯ ತರುವಾಯ ಬಂದದ್ದು ತಂತಿ. ವೀಣೆಗೂ ತಂತಿ, ಬೇಲಿಗೂ ತಂತಿ, ಟಪಾಲು ಕಚೇರಿಯ ತುರ್ತುಸುದ್ದಿಗೂ ತಂತಿ! ಈ ಕೊನೆಯ ಅರ್ಥದ ತಂತಿ 2013ರ ಜುಲೈಯಲ್ಲಿ ನಿಂತುಹೋಯಿತು.

ಹೈದರಾಬಾದಿನ ಬಾನುಲಿಯೂ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರ ಆಕಾಶವಾಣಿಯೂ 1935ರಲ್ಲಿ ಹುಟ್ಟಿದವು. ಧಾರವಾಡ ಕೇಂದ್ರ 1950ರ ಜನವರಿಯಲ್ಲಿ ಆರಂಭವಾಯಿತು. ಗುಲ್ಬರ್ಗ ಕೇಂದ್ರಕ್ಕೆ 1966ರವರೆಗೆ ಕಾಯಬೇಕಾಯಿತು. 1956ರ ನವೆಂಬರ್ 1ರವರೆಗೆ ಹೈದರಾಬಾದು ರಾಜ್ಯದಲ್ಲಿದ್ದ ಸಿಂಧನೂರು, ಲಿಂಗಸುಗೂರುಗಳಿಗೆ ಇವೆಲ್ಲವೂ ದೂರದ ದನಿಗಳೇ. ಆಗ ಪೆಟ್ಟಿಗೆಗಿಂತ ಏರಿಯಲ್ ಮುಖ್ಯವಾಗಿತ್ತು. ಮಾಳಿಗೆಯ ಮೇಲೆ ಎರಡು ಗಳು ನೆಟ್ಟು, ನಡುವೆ ತಾಮ್ರದ ತಂತಿ ಬಿಗಿದು, ಎರಡೂ ತುದಿಗೆ ಪಿಂಗಾಣಿಯ ಗುಂಡು ಕಟ್ಟಬೇಕು. ಇನ್ನೊಂದು ತಂತಿ ನೆಲಕ್ಕಿಳಿಯಬೇಕು. ಅದರ ಬುಡಕ್ಕೆ ಉಪ್ಪು, ಇದ್ದಲು. ಬೇಸಗೆಯಲ್ಲಿ ಎರೆಮಣ್ಣು ಬಿರಿದು ಒಣಗಿದರೆ ನೆಲದ ಸಂಬಂಧ ಸಡಿಲವಾಗಿ ಪೆಟ್ಟಿಗೆ ಕರಕರ ಎನ್ನುವುದು. ಆ ರೋಗಕ್ಕೆ ಹೊಸ ರೇಡಿಯೋ ಬೇಕಿರಲಿಲ್ಲ, ಒಂದು ಕೊಡ ನೀರು ಸಾಕಿತ್ತು.

ಈಗ ಟೀವಿಯ ಕೆಳಗೆ ಸೌಂಡ್‌ಬಾರೆಂಬ ಉದ್ದನೆಯ ಪೆಟ್ಟಿಗೆ ಕುಳಿತಿದೆ. ಅದು ಗುಂಯ್ ಎಂದರೆ, ಮೂಕವಾದರೆ, ಮಾತು ತುಟಿಗಿಂತ ಹಿಂದೆ ಬಿದ್ದರೆ, ಮನೆಯವರು ಮೊದಲು ಹೊರಡುವುದು ಬೆಲೆಯುಳ್ಳ ತಂತಿ ತರಲು. ಸ್ವಲ್ಪ ತಾಳಿ, ಯಾವ ತಂತಿ ಯಾವ ಕಾಲಕ್ಕೆ, ಯಾವ ಕೊರತೆ ನೀಗಲು ಬಂದಿತೆಂದು ನೋಡೋಣ.

ತಾಮ್ರದ ಎಳೆಯ ಸುತ್ತ ಲೋಹದ ಕವಚ ತೊಡಿಸುವ ಉಪಾಯಕ್ಕೆ ಇಂಗ್ಲೆಂಡಿನ ಆಲಿವರ್ ಹೆವಿಸೈಡ್ 1880ರಲ್ಲಿ ಪೇಟೆಂಟು ಪಡೆದರು. ಕೆಂಪು ಬಿಳಿ ಮೂತಿಯ ತಂತಿಗಳ ಒಳಗಿರುವುದೂ ಅಂಥದೇ ಕವಚ. ಅವುಗಳಲ್ಲಿ ದನಿಯು ವಿದ್ಯುತ್ತಿನ ಏರಿಳಿತವಾಗಿಯೇ ಹರಿಯುವುದರಿಂದ, ಎರಡು ಯಂತ್ರಗಳ ನೆಲದ ಸಂಬಂಧ ಬೇರೆಬೇರೆಯಾದಾಗ ಗುಂಯ್‌ಕಾರವೂ ಸೇರಿಕೊಳ್ಳುತ್ತದೆ. ಎರಡನ್ನೂ ಒಂದೇ ಗೋಡೆಯ ಪ್ಲಗ್ಗಿನಿಂದ ನಡೆಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ಬೆಳಕಿನ ತಂತಿ ಹಾಕಿ. ಜಪಾನಿನ ತೋಷಿಬಾ 1983ರಲ್ಲಿ ತಂದ ಈ ತಂತಿಯಲ್ಲಿ ತಾಮ್ರವೇ ಇಲ್ಲ. ದನಿ ಬೆಳಕಿನ ಮಿಣುಕಾಗಿ ಸಾಗುವುದರಿಂದ ನೆಲದ ಗುಂಯ್‌ಕಾರಕ್ಕೆ ಹಾದಿಯಿಲ್ಲ. ಆದರೆ ಹಾದಿ ಕಿರಿದು: ಎರಡು ಕಾಲುವೆಯ ದನಿ, ಇಲ್ಲವೇ ಅಡಕಗೊಳಿಸಿದ ಆರು ಕಾಲುವೆಯ ದನಿ, ಅಷ್ಟೇ.

ಎಚ್‌ಡಿಎಂಐ ಹುಟ್ಟಿದ್ದು 2002ರ ಕೊನೆಗೆ. ಟೀವಿಯ ದನಿಯನ್ನು ಅದೇ ತಂತಿಯಲ್ಲಿ ಹಿಂದಕ್ಕೆ ಕಳಿಸುವ ಎಆರ್‌ಸಿ 2009ರಲ್ಲಿಯೂ, ಅದರ ಅಗಲವಾದ ರೂಪ ಇಎಆರ್‌ಸಿ 2017ರಲ್ಲಿಯೂ ಬಂದವು. ಮೂಕವಾದ ಸೌಂಡ್‌ಬಾರಿಗೆ ಎಷ್ಟೋ ವೇಳೆ ಕಾರಣ ಇಲ್ಲಿಯೇ: ಟೀವಿಯ ಎಲ್ಲ ರಂಧ್ರಗಳೂ ದನಿಯನ್ನು ಹಿಂದಿರುಗಿಸವು, ಎಆರ್‌ಸಿ ಎಂದು ಬರೆದದ್ದಕ್ಕೇ ಸಿಕ್ಕಿಸಬೇಕು. ಟೀವಿಯ ಒಳಪಟ್ಟಿಯಲ್ಲಿಯೂ ಹೊರಗಿನ ಸ್ಪೀಕರನ್ನು ಆರಿಸಬೇಕು.

ತುಟಿಗೂ ಮಾತಿಗೂ ಹೊಂದದಿರುವುದು ಮಾತ್ರ ಸಾಮಾನ್ಯವಾಗಿ ತಂತಿಯ ದೋಷವಲ್ಲ. ಟೀವಿ ಚಿತ್ರವನ್ನು ತಿದ್ದುವಾಗಲೋ ದನಿಯನ್ನು ಬಿಡಿಸುವಾಗಲೋ ಕ್ಷಣಾಂಶ ಕಳೆಯುತ್ತದೆ. ಆ ಅಂತರ ಸರಿಪಡಿಸುವ ಏರ್ಪಾಟು ಟೀವಿಯ ಅಥವಾ ಸೌಂಡ್‌ಬಾರಿನ ಒಳಪಟ್ಟಿಯಲ್ಲಿ ಇರುತ್ತದೆ. ಇಎಆರ್‌ಸಿ ಇದನ್ನು ತಾನಾಗಿ ಸರಿಹೊಂದಿಸಬಲ್ಲುದು.

ಇನ್ನು ಬಂಗಾರ ಬಳಿದ ಮೂತಿಯ ಮಾತು. ಅಂಕಿಗಳಾಗಿ ಸಾಗುವ ದನಿ ಸರಿಯಾಗಿ ತಲುಪುತ್ತದೆ, ಇಲ್ಲವೇ ತುಂಡುತುಂಡಾಗುತ್ತದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನವನ್ನೆಲ್ಲ ಬಳಿದರೂ ಇಂಪು ಕೂಡದು. ತುಂಡಾದರೆ ಗಿಡ್ಡನೆಯ, ಗಟ್ಟಿಯಾದ ಮತ್ತೊಂದು ತಂತಿ ಹಾಕಿ ನೋಡಿ. ಅಂಗಡಿಗೆ ಹೋಗುವ ಮುನ್ನ ಟೀವಿಯ ಬೆನ್ನಿನಿಂದ ಸೌಂಡ್‌ಬಾರಿನವರೆಗೆ ನೂಲು ಹಿಡಿದು ಅಳೆದು, ಒಂದಡಿ ಹೆಚ್ಚು ಕೇಳಿ. ಬೆಳಕಿನ ತಂತಿಯಾದರೆ ಚೂಪಾಗಿ ಮಡಿಸಬೇಡಿ. ಹೊಸ ತಂತಿಯ ತುದಿಗಳಿಗೆ ಸಣ್ಣ ಟೊಪ್ಪಿಗೆಗಳಿದ್ದರೆ, ಸಿಕ್ಕಿಸುವ ಮುಂಚೆ ಅವನ್ನು ತೆಗೆಯಿರಿ.