ಆಳುಗುಂಡಿ

ಕಳೆದ ವರ್ಷ ಮಳೆ ಶುರುವಾಗಿ ಹದಿನೈದು ದಿನ ಆಗಿತ್ತೇನೋ. ಒಂದು ಭಾನುವಾರ ಬೆಳಿಗ್ಗೆ ನಮ್ಮ ರಾಜಾಜಿನಗರದ ಮನೆಯ ಬಚ್ಚಲಲ್ಲಿ ನೀರು ನಿಂತಿತು. ಮೇಲಿನ ಮಹಡಿಯ ಬಾಡಿಗೆಯವರು ವಾಷಿಂಗ್ ಮಷೀನ್ ಹಾಕಿದರೆ ಕೆಳಗಿನ ನಮ್ಮ ಜಾಲರಿಯಿಂದ ನೊರೆ ಉಕ್ಕುತ್ತಿತ್ತು. ಅಮ್ಮ ಕುದಿಯುವ ನೀರು ಸುರಿದರು. ಅಪ್ಪ ಅಂಗಡಿಯಿಂದ ಯಾವುದೋ ಬಿಳಿ ಪುಡಿ ತಂದು ಹಾಕಿ, ಅದು ಬುಸುಗುಟ್ಟುವುದನ್ನೇ ನೋಡುತ್ತಾ ನಿಂತರು. ನಾನು ರಬ್ಬರ್ ಪಂಪು ಹಿಡಿದು ಅರ್ಧ ಗಂಟೆ ಒತ್ತಿದೆ. ನೀರು ಒಂದಂಗುಲ ಇಳಿದ ಹಾಗೆ ಮಾಡಿ ಮತ್ತೆ ಅಲ್ಲಿಗೇ ಬಂತು.

ನನ್ನ ಪಿಎಚ್.ಡಿ. ವಿಷಯ ಬೆಂಗಳೂರಿನ ನೈರ್ಮಲ್ಯದ ಇತಿಹಾಸ. ಹಾಗಾಗಿ ಆ ದಿನ ಮನೆಯಲ್ಲಿ ನನ್ನನ್ನು ಯಾರೂ ಸುಮ್ಮನೆ ಬಿಡಲಿಲ್ಲ. "ನಾಕು ವರ್ಷದಿಂದ ಚರಂಡೀನೇ ಓದ್ತಿದ್ದೀಯಲ್ಲೇ, ಬಿಡಿಸು ನೋಡೋಣ" ಎಂದರು ಅಜ್ಜಿ, ಕುರ್ಚಿಯ ಮೇಲೆ ಕಾಲು ಮಡಚಿ ಕೂತುಕೊಂಡೇ.

ಬಚ್ಚಲು ಕಟ್ಟಿಕೊಳ್ಳುವುದು ಅಜ್ಜಿಯ ಮಟ್ಟಿಗೆ ಹೊಸ ಕಾಯಿಲೆ. ಅವರು ರಜಕ್ಕೆ ಹೋಗುತ್ತಿದ್ದ ಹಳ್ಳಿಮನೆಯಲ್ಲಿ ಬಚ್ಚಲಿನ ನೀರು ಗೋಡೆಯ ತೂತಿನಿಂದ ಹೊರಗೆ ಹೋಗಿ ಬಾಳೆಗಿಡದ ಬುಡ ಸೇರುತ್ತಿತ್ತು. ಎರಡು ಮೊಳದ ಆ ಹಾದಿಯಲ್ಲಿ ಕಸ ನಿಂತರೆ ಕೋಲಿನಲ್ಲಿ ತಳ್ಳಿದರಾಯಿತು. ಅಲ್ಲಿ ಹರಿಯುತ್ತಿದ್ದದ್ದು ಮೈ ತೊಳೆದ ನೀರು, ಪಾತ್ರೆ ತೊಳೆದ ನೀರು ಮಾತ್ರ. ಮಲದ ಹಾದಿಯೇ ಬೇರೆ, ಅದನ್ನು ನೋಡಿಕೊಳ್ಳುವ ಜನವೂ ಬೇರೆ. ಈ ಎರಡು ಹಾದಿಗಳನ್ನು ಒಂದೇ ಕೊಳವೆಗೆ ತಂದು ಸೇರಿಸಿದ್ದು ನಗರ. ನಾನು ಓದುತ್ತಿರುವುದು ಆ ಸೇರಿಸುವಿಕೆಯ ಕತೆಯನ್ನೇ.

ಬೆಂಗಳೂರಿನಲ್ಲಿ ಈ ಕತೆಯನ್ನು ಸಾಮಾನ್ಯವಾಗಿ 1898ರಿಂದ ಶುರುಮಾಡುತ್ತಾರೆ. ಆ ವರ್ಷ ಆಗಸ್ಟಿನಲ್ಲಿ ಊರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟು, ಕತ್ತಲೆ, ಕೊಳಕು ಇವೇ ಕಾರಣವೆಂದು ಆಡಳಿತ ನಂಬಿತ್ತು. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆ ಎಂದು ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ಕಂಡುಕೊಂಡದ್ದೂ ಅದೇ 1898ರಲ್ಲೇ, ಆದರೆ ಜಗತ್ತು ಅದನ್ನು ಒಪ್ಪಲು ಇನ್ನೂ ಕೆಲವು ವರ್ಷ ಬೇಕಾಯಿತು. ಅಷ್ಟರಲ್ಲಿ ಊರು ಪೇಟೆಯ ಗೋಡೆ ದಾಟಿತ್ತು. 1890ರ ದಶಕದ ಬಡಾವಣೆಗಳಾದ ಮಲ್ಲೇಶ್ವರ, ಬಸವನಗುಡಿಗಳು ಗಾಳಿ, ಬೆಳಕು, ನೇರ ರಸ್ತೆಗಳ ಊರುಗಳಾಗಿ ಬೆಳೆದವು.

ಮಲ್ಲೇಶ್ವರದ ನಕ್ಷೆಯನ್ನು ಗಮನಿಸಿ ನೋಡಿ. ಮನೆಗಳ ಮುಂದೆ ಅಗಲವಾದ ರಸ್ತೆ. ಎರಡು ಸಾಲು ಮನೆಗಳ ಬೆನ್ನ ನಡುವೆ ಒಂದು ಸಣ್ಣ ಓಣಿ. ಅದೇ ಕನ್ಸರ್ವೆನ್ಸಿ ಲೇನ್. ಮನೆಯ ಹಿಂಬದಿಯ ಪಾಯಿಖಾನೆಯಿಂದ ಮಲವನ್ನು ಬಾಚಿಕೊಂಡು ಹೋಗುವವರು ಮುಂಬಾಗಿಲಿನವರ ಕಣ್ಣಿಗೆ ಬೀಳಬಾರದು ಎಂದು ಮಾಡಿದ ದಾರಿ ಅದು. ಆ ಕಾಲದ ಆಧುನಿಕ ನಗರ ಯೋಜನೆ ಎಂದು ಪಠ್ಯದಲ್ಲಿ ಓದುತ್ತೇವೆ. ಆದರೆ ಹಳ್ಳಿಯ ಊರು, ಕೇರಿಗಳ ನಡುವಿನ ಗೆರೆಯನ್ನೇ ಎಂಜಿನಿಯರು ಸ್ಕೇಲು ಹಿಡಿದು ನೇರವಾಗಿ ಎಳೆದ ಹಾಗೆ ನನಗೆ ಕಾಣುತ್ತದೆ. ಅಜ್ಜಿ ಹುಟ್ಟಿದ್ದು ಮಲ್ಲೇಶ್ವರದಲ್ಲಿ. ಆ ಓಣಿಯ ಬಗ್ಗೆ ಕೇಳಿದರೆ ಅವರಿಗೆ ನೆನಪಾಗುವುದು ಗೋಡೆಯ ಬುಡದಲ್ಲಿದ್ದ ತಗಡಿನ ಪುಟ್ಟ ಬಾಗಿಲು, ಬೆಳಗಿನ ಜಾವ ಅದು ಕಿರುಗುಟ್ಟುವ ಸದ್ದು. "ಬಾಗಿಲು ತೆಗಿಯೋ ಸದ್ದು ಕೇಳ್ತಿತ್ತು. ತೆಗಿಯೋರ್ನ ನಾ ನೋಡ್ಲೇ ಇಲ್ಲ."

ಒಳಚರಂಡಿ ಊರಿನ ಒಳಭಾಗಕ್ಕೆ ಬಂದದ್ದು 1922ರಲ್ಲಿ. ಹೊಸ ಬಡಾವಣೆಗಳಿಗೆ ದೊಡ್ಡ ಪ್ರಮಾಣದಲ್ಲಿ ವಿಸ್ತರಿಸುವ ಕೆಲಸ ಶುರುವಾಗಲು 1950 ಬರಬೇಕಾಯಿತು. ಯಾಕಿಷ್ಟು ತಡ? ಇದಕ್ಕೆ ಮುಖ್ಯವಾದ ಒಂದು ಕಾರಣ ನೀರು. ಮಲವನ್ನು ಕೊಳವೆಯಲ್ಲಿ ಸಾಗಿಸುವುದೆಂದರೆ ಪ್ರತಿ ಸಲವೂ ಬಕೆಟ್ಟುಗಟ್ಟಲೆ ನೀರು ಸುರಿಯುವುದು, ಮತ್ತು ನಮ್ಮ ಊರಿಗೆ ಹತ್ತಿರದಲ್ಲಿ ದೊಡ್ಡ ಹೊಳೆಯಿಲ್ಲ. ಹೆಸರಘಟ್ಟದ ನೀರು ಹತ್ತೊಂಬತ್ತನೇ ಶತಮಾನದ ಕೊನೆಗೆ ಬಂತು, ತಿಪ್ಪಗೊಂಡನಹಳ್ಳಿಯದು 1933ರಲ್ಲಿ, ಕಾವೇರಿಯ ಮೊದಲ ಹಂತ 1974ರಲ್ಲಿ. ನೀರಿಗೂ ಒಳಚರಂಡಿಗೂ ಸೇರಿ ಒಂದೇ ಜಲಮಂಡಳಿ ಆದದ್ದು 1964ರಲ್ಲಿ. ನಲ್ಲಿ ಬರುವವರೆಗೆ ಬುಟ್ಟಿ ಹೋಗಲಿಲ್ಲ. ನೀರು ಮಾಡಬೇಕಾದ ಕೆಲಸವನ್ನು ಅಷ್ಟು ವರ್ಷ ಮನುಷ್ಯರ ತಲೆ ಮಾಡಿತು.

ನಮ್ಮ ಬಡಾವಣೆ ಈ ಹೊಸ ಕಾಲದ್ದು. 1945ರಲ್ಲಿ ಆದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಬೆಳೆಸಿದ ಬಡಾವಣೆಗಳಲ್ಲಿ ರಾಜಾಜಿನಗರವೂ ಒಂದು; ಹೆಸರು ಆಗಿನ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರದು. ತಾತ ಇಲ್ಲಿ ಮನೆ ಕಟ್ಟಿಸಿದ್ದು 1967ರಲ್ಲಿ. ಅಜ್ಜಿ ಈ ಮನೆಯನ್ನು ಒಪ್ಪಿದ್ದಕ್ಕೆ ಕಾರಣ ಹಿಂದುಗಡೆ ಓಣಿ ಇಲ್ಲದ್ದು, ಮನೆಯೊಳಗೇ ನೀರು ಹಾಕಿದರೆ ಹೋಗುವ ಪಾಯಿಖಾನೆ ಇದ್ದದ್ದು. ಅಲ್ಲಿಂದ ಹೋದ ನೀರು ಎಲ್ಲಿಗೆ ಹೋಗುತ್ತದೆ ಎಂದು ಆಗ ಯಾರೂ ಕೇಳಲಿಲ್ಲ. ಅದು ಹೋಗುವುದು ವೃಷಭಾವತಿಯ ಕಣಿವೆಗೆ. ಕಾಡು ಮಲ್ಲೇಶ್ವರನ ಎದುರಿನ ನಂದಿಯ ಬಾಯಿಂದ ಹೊರಡುತ್ತದೆ ಎಂದು ನಂಬಿರುವ ಹೊಳೆ ಮೈಸೂರು ರಸ್ತೆಗುಂಟ ಗಾಳಿ ಆಂಜನೇಯನ ಗುಡಿ, ನಾಯಂಡಹಳ್ಳಿ, ಕೆಂಗೇರಿ ದಾಟಿ ಬೈರಮಂಗಲದ ಕೆರೆಗೆ ಇಳಿಯುತ್ತದೆ. ಕೆಂಗೇರಿಯ ಸೇತುವೆ ಮೇಲೆ ಬಸ್ಸು ನಿಧಾನವಾದಾಗ ಕಿಟಕಿ ಮುಚ್ಚುವವರಲ್ಲಿ ನಾನೂ ಒಬ್ಬಳು.

ಹತ್ತು ಗಂಟೆಗೆ ಅಪ್ಪ ಯಾರಿಗೋ ಫೋನು ಮಾಡಿ ಕೆಲಸದವರನ್ನು ಕರೆಸಿದರು. ಐವತ್ತರ ಆಸುಪಾಸಿನ ಒಬ್ಬರು, ಜೊತೆಗೊಬ್ಬ ಹುಡುಗ, ಟಿವಿಎಸ್‌ಗೆ ಕಟ್ಟಿದ ಬಿದಿರಿನ ದಬ್ಬೆಯ ಸುರುಳಿ. ಹುಡುಗನ ಜೊತೆ ತೆಲುಗು, ನಮ್ಮ ಜೊತೆ ಕನ್ನಡ. ಮನೆಯ ಪಕ್ಕದ ಚೇಂಬರ್ ತೆಗೆದರು, ಅಂಚಿನವರೆಗೆ ತುಂಬಿತ್ತು. ರಸ್ತೆಯ ಮುಚ್ಚಳವನ್ನು ಹಾರೆಯಿಂದ ಮೀಟಿ ನೋಡಿದರು. ಅಲ್ಲಿ ನೀರು ಸಲೀಸಾಗಿ ಹರಿಯುತ್ತಿತ್ತು. ಅಂದರೆ ಕಟ್ಟಿಕೊಂಡಿರುವುದು ಇವೆರಡರ ನಡುವೆ, ನಮ್ಮದೇ ಪೈಪಿನಲ್ಲಿ. ದಬ್ಬೆ ಹನ್ನೆರಡು ಅಡಿ ಹೋಗಿ ತಿರುವಿನಲ್ಲಿ ನಿಂತಿತು. ಎಷ್ಟು ತಳ್ಳಿದರೂ ಅಷ್ಟೇ.

"ಏನ್ ಹಾಕ್ತೀರಮ್ಮ ಸಿಂಕಿಗೆ?" ಎಂದು ಅಮ್ಮನನ್ನು ಕೇಳಿದರು. ಎಣ್ಣೆ, ಅನ್ನದ ಗಂಜಿ, ಪಾತ್ರೆ ತಿಕ್ಕುವ ನಾರು. ಬಿಸಿಯಾಗಿದ್ದಾಗ ಹರಿಯುವ ಎಣ್ಣೆ ಪೈಪಿನೊಳಗೆ ತಣ್ಣಗಾಗಿ ಅಂಟುತ್ತದೆ, ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣದಂಶ ಅದಕ್ಕೆ ಸೇರಿ ಸೋಪಿನಂಥ ಗಟ್ಟಿ ಪದರ ಕಟ್ಟುತ್ತದೆ. ಒಂದು ಕುಟುಂಬಕ್ಕೆಂದು ಹಾಕಿದ 4 ಇಂಚಿನ ಪೈಪಿಗೆ ಈಗ ಮೂರು ಮಹಡಿ, ಮೂರು ಅಡುಗೆಮನೆ. ಮಳೆಗಾಲದಲ್ಲಿ ತಾರಸಿಯ ನೀರೂ ಅದಕ್ಕೇ. ಈ ಕೊನೆಯದು ನಮ್ಮ ತಪ್ಪು, ಮಾಡಬಾರದ್ದು. ನಮ್ಮ ಬೀದಿಯಲ್ಲಿ ಹಲವರು ಮಾಡಿದ್ದಾರೆ.

"ಆ ಕಡೆಯಿಂದ ತಳ್ಬೇಕು. ಕೆಳಗೆ ಇಳೀಬೇಕಾಗತ್ತೆ" ಎಂದು ಅವರು ರಸ್ತೆಯ ಗುಂಡಿಯತ್ತ ತೋರಿಸಿದರು. ಏಳು ಅಡಿ ಆಳವಿರಬಹುದು. ನಮ್ಮ ಪೈಪು ಅದರ ಗೋಡೆಯಲ್ಲಿ ಕೆಳಗೆಲ್ಲೋ ಬಂದು ಸೇರುತ್ತದೆ. ಮೇಲಿನ ಮನೆಯವರು ಬಾಲ್ಕನಿಯಿಂದಲೇ "ಐನೂರು ಜಾಸ್ತಿ ಕೊಡೋಣ ಬಿಡಿ" ಎಂದರು. ಅವರು ಅಂಗಿಯ ಗುಂಡಿ ಬಿಚ್ಚತೊಡಗಿದರು.

ಆ ಗುಂಡಿಗೆ ಸರ್ಕಾರಿ ಕನ್ನಡದಲ್ಲಿ ಆಳುಗುಂಡಿ ಎನ್ನುತ್ತಾರೆ. ಮ್ಯಾನ್‌ಹೋಲ್ ಎಂಬುದರ ನೇರ ಅನುವಾದ. ಆದರೆ ಆಳು ಎಂದರೆ ಕನ್ನಡದಲ್ಲಿ ಬರಿಯ ಮನುಷ್ಯನಲ್ಲ, ಕೆಲಸದವನೂ ಹೌದು. ಅನುವಾದಿಸಿದವರು ಯೋಚಿಸಿ ಮಾಡಿದರೋ ಇಲ್ಲವೋ, ಮೂಲದಲ್ಲಿ ಮುಚ್ಚಿಟ್ಟಿದ್ದನ್ನು ಕನ್ನಡದ ಪದ ಹೇಳಿಬಿಟ್ಟಿದೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಇನ್ನು ಮೇಲೆ ಮ್ಯಾನ್‌ಹೋಲ್ ಬೇಡ, ಮಷೀನ್ ಹೋಲ್ ಎಂದರು. ಅದಕ್ಕೆ ಕನ್ನಡದಲ್ಲಿ ಏನೆನ್ನಬೇಕೋ, ನಮ್ಮ ಬೀದಿಯ ಮುಚ್ಚಳದ ಅಡಿಯಲ್ಲಂತೂ ಅದು ಇನ್ನೂ ಆಳುಗುಂಡಿಯೇ.

ತಲೆಯ ಮೇಲೆ ಮಲ ಹೊರುವುದನ್ನು ಈ ರಾಜ್ಯ ಬಹಳ ಮೊದಲೇ ನಿಷೇಧಿಸಿತು. ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದ ಆರಂಭದಲ್ಲಿ ಆ ಪದ್ಧತಿಯನ್ನು ನಿಲ್ಲಿಸಲು ಹೊರಟರು. ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಅವರ ಹೆಸರು ಕೇಳಿದೊಡನೆ 1973ರ ಬೂಸಾ ಪ್ರಕರಣ ನೆನಪಾಗುತ್ತದೆ. ಕನ್ನಡ ಸಾಹಿತ್ಯದ ಬಗ್ಗೆ ಅವರು ಆಡಿದ ಒಂದು ಮಾತನ್ನು ಐವತ್ತು ವರ್ಷದಿಂದ ಚರ್ಚಿಸುತ್ತಾ ಬಂದಿದ್ದೇವೆ. ಮಲದ ಬುಟ್ಟಿ ಇಳಿಸಿ ಎಂದ ಮಾತು ನಮ್ಮ ವಿಚಾರ ಸಂಕಿರಣಗಳಲ್ಲಿ ಅಷ್ಟಾಗಿ ಬರುವುದಿಲ್ಲ. 1993ರಲ್ಲಿ ಕೇಂದ್ರದ ಕಾನೂನು ಬಂತು. ಅದು ಒಣ ಪಾಯಿಖಾನೆಗಳನ್ನು ನಿಷೇಧಿಸಿ, ನೀರು ಹಾಕುವ ಪಾಯಿಖಾನೆಯೇ ಪರಿಹಾರವೆಂದು ಭಾವಿಸಿತು. ಹಾಗೆ ನೀರು ಹಾಕಿದ್ದು ಎಲ್ಲೋ ಒಂದು ಕಡೆ ಕಟ್ಟಿಕೊಂಡರೆ ಬಿಡಿಸುವವರು ಯಾರು ಎಂಬುದು ಆ ಕಾನೂನಿನ ಕಣ್ಣಿಗೆ ಬೀಳಲಿಲ್ಲ. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನ ಭಂಗಿ ಸಮುದಾಯದವರು ತಮ್ಮನ್ನು ಒಕ್ಕಲೆಬ್ಬಿಸುವುದನ್ನು ವಿರೋಧಿಸಿ ಮೈಮೇಲೆ ಮಲ ಸುರಿದುಕೊಂಡಾಗ, ಇಲ್ಲವೆಂದು ಎಲ್ಲರೂ ನಂಬಿದ್ದ ಪದ್ಧತಿ ಪತ್ರಿಕೆಗಳ ಮುಖಪುಟಕ್ಕೆ ಬಂತು. ಚರಂಡಿ ಗುಂಡಿಗೆ ಮನುಷ್ಯರನ್ನು ಇಳಿಸುವುದೂ ಅಪರಾಧ ಎಂದದ್ದು 2013ರ ಕಾನೂನು: ಮೊದಲ ಸಲಕ್ಕೆ 2 ವರ್ಷದವರೆಗೆ ಸೆರೆ, ಇಲ್ಲವೇ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಹೀಗೆ ಇಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಬೇಕೆಂದು 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟು 2023ರಲ್ಲಿ ಅದನ್ನು 30 ಲಕ್ಷ ಮಾಡಿತು.

ಇದೆಲ್ಲ ನನಗೆ ಬಾಯಿಪಾಠ. ಆದರೂ ಅಂಗಿಯ ಮೂರನೆಯ ಗುಂಡಿ ಬಿಚ್ಚುವವರೆಗೆ ನಾನು ಮಾತಾಡಲಿಲ್ಲ. ಬಚ್ಚಲಿನ ನೀರು ಹಾಲಿಗೆ ಬರುವುದರಲ್ಲಿತ್ತು, ಅಜ್ಜಿ ಬೆಳಗಿನಿಂದ ಪಕ್ಕದ ಮನೆಯ ಪಾಯಿಖಾನೆಗೆ ಹೋಗಿಬರುತ್ತಿದ್ದರು. ಬೇಗ ಮುಗಿಯಲಿ ಎಂದು ನನಗೂ ಅನ್ನಿಸಿತ್ತು. ಕೊನೆಗೆ "ಬೇಡ ಅಣ್ಣ, ಇಳೀಬೇಡಿ" ಎಂದೆ. ಅವರ ಮೇಲಿನ ಕಾಳಜಿಗಿಂತ ಆ ಸೆಕ್ಷನ್ನಿನ ಭಯವೇ ಹೆಚ್ಚಿತ್ತೇನೋ.

"ಏನಾಗಲ್ಲ ಮೇಡಂ, ಇದ್ರಲ್ಲಿ ವಾಸನೆನೇ ಇಲ್ಲ" ಎಂದರು. ವಾಸನೆ ಇಲ್ಲದಿರುವುದೇ ಹೆದರಬೇಕಾದ ವಿಷಯ ಎಂದು ಹೇಳಿದೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಗಾಳಿಯಲ್ಲಿ ಹೆಚ್ಚಾದರೆ ಮೊದಲು ಹೋಗುವುದು ಮೂಗಿನ ಶಕ್ತಿ; ಆಮೇಲೆ ಬಿದ್ದವರನ್ನು ಎತ್ತಲು ಇಳಿದವರೂ ಬೀಳುತ್ತಾರೆ. ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿ, "ಗೊತ್ತು ಮೇಡಂ, ನಮ್ಮೋರೇ ಹೋಗಿದ್ದಾರೆ" ಎಂದರು. ಅಂಗಿಯ ಗುಂಡಿ ಮತ್ತೆ ಹಾಕಿಕೊಂಡರು.

ಜೆಟ್ಟಿಂಗ್ ಗಾಡಿಗೆ ಫೋನು ಮಾಡಿದೆವು. ಬರಲು ಸಂಜೆಯಾಗುತ್ತದೆ ಎಂದರು.

ಕಾಯುತ್ತಾ ಕೂತಾಗ ನನಗೆ ತಾತನ ಫೈಲು ನೆನಪಾಯಿತು. ಕ್ರಯಪತ್ರ, ಕಂದಾಯದ ರಸೀದಿಗಳ ಕೆಳಗೆ ಮನೆಯ ನೀಲಿ ನಕ್ಷೆ ಮಡಿಕೆಯಲ್ಲಿ ಹರಿದುಕೊಂಡು ಕೂತಿತ್ತು. ಅದರಲ್ಲಿ ಚರಂಡಿಯ ಸಾಲು ಚುಕ್ಕಿಗೆರೆಯಾಗಿ ಕಾಣುತ್ತಿತ್ತು: 4 ಇಂಚಿನ ಸ್ಟೋನ್‌ವೇರ್ ಪೈಪು, 40 ಅಡಿಗೆ 1 ಅಡಿ ಇಳಿಜಾರು, ಲೈಸೆನ್ಸ್ ಇದ್ದ ಪ್ಲಂಬರ್ ಸಹಿ. ಸರಿಯಾಗಿ ತಿರುವಿನ ಮೇಲೆ ಒಂದು ಸಣ್ಣ ಚೌಕ, ಪಕ್ಕದಲ್ಲಿ ಐ.ಸಿ. ಎಂಬ ಎರಡಕ್ಷರ. ಇನ್‌ಸ್ಪೆಕ್ಷನ್ ಚೇಂಬರ್. ಯಾರೂ ಇಳಿಯದೆ ಮೇಲಿನಿಂದಲೇ ಬಿಡಿಸಲಿ ಎಂದು 1967ರಲ್ಲೇ ಎರಡನೆಯ ಚೇಂಬರ್ ಕಟ್ಟಿದ್ದರು. ಕಾರು ಕೊಂಡ ವರ್ಷ ನಾವೇ ಅದರ ಮೇಲೆ ಗ್ರಾನೈಟ್ ಹಾಸಿ ಮರೆತಿದ್ದೆವು.

ನಕ್ಷೆಯನ್ನು ನೆಲದ ಮೇಲೆ ಹರಡಿ ಅವರೂ ನಾನೂ ಗೇಟಿನಿಂದ ಅಡಿ ಅಳೆದೆವು. ಅಪ್ಪ ಎರಡು ನಿಮಿಷ ಗ್ರಾನೈಟಿನ ರೇಟು ನೆನೆದು ಹಾರೆ ಕೊಟ್ಟರು. ಮೂರನೆಯ ಚಪ್ಪಡಿ ಎದ್ದಾಗ ಅಡಿಯಲ್ಲಿ ಸಿಮೆಂಟಿನ ಮುಚ್ಚಳ ಸಿಕ್ಕಿತು. ಅಲ್ಲಿಂದ ದಬ್ಬೆ ಹಾಕಿ ಕೊಕ್ಕೆಯಿಂದ ಎಳೆದಾಗ ಬಂದದ್ದು ಬೇರು: ಗೇಟಿನ ಪಕ್ಕದ ಹೊಂಗೆ ಮರದ್ದು, ಕೂದಲಿನಂತೆ ನಯವಾದದ್ದು, ಒಂದು ಮಾರಿಗಿಂತ ಉದ್ದ. ಪೈಪಿನ ಜೋಡಣೆಯ ಸಿಮೆಂಟು ಬಿರುಕು ಬಿಟ್ಟಲ್ಲಿ ನೀರು ಹುಡುಕಿಕೊಂಡು ಒಳಗೆ ಬಂದು, ನಮ್ಮ ಅಡುಗೆಮನೆಯ ಎಣ್ಣೆಯನ್ನು ಹಿಡಿದುಕೊಂಡು ಕೂತಿತ್ತು. ಬಚ್ಚಲು ಒಮ್ಮೆ ಗೊಳಕ್ಕೆಂದು ಖಾಲಿಯಾಯಿತು. ಆ ಸದ್ದಿಗೆ ಅಜ್ಜಿ ಒಳಗಿನಿಂದ "ಅಬ್ಬಾ" ಎಂದರು.

ಅಮ್ಮ ಕಾಫಿ ತಂದರು. ಅವರಿಬ್ಬರಿಗೆ ಪೇಪರ್ ಲೋಟದಲ್ಲಿ, ನಮಗೆ ಸ್ಟೀಲಿನದರಲ್ಲಿ. ತಟ್ಟೆ ನನ್ನ ಕೈಗೆ ಬಂದಾಗ ಗಮನಿಸಿದೆ. ಹಾಗೆಯೇ ಕೊಟ್ಟೆ. ಅಂದು ರಾತ್ರಿ ಅಮ್ಮನನ್ನು ಕೇಳಿದರೆ, "ಕೈ ಗಲೀಜಿತ್ತಲ್ಲ ಕಣೇ ಅವರದ್ದು" ಎಂದರು. ಅಷ್ಟು ಹೊತ್ತೂ ಬೇರನ್ನು ಆ ಕಡೆಯಿಂದ ಹಿಡಿದು ಎಳೆಯುತ್ತಿದ್ದವಳು ನಾನು. ನನ್ನ ಕೈಯೂ ಅಷ್ಟೇ ಗಲೀಜಿತ್ತು, ನನಗೆ ಸ್ಟೀಲಿನ ಲೋಟ ಬಂದಿತ್ತು.

ಹೊರಡುವ ಮೊದಲು ಅವರು ನಕ್ಷೆಯನ್ನು ಇನ್ನೊಮ್ಮೆ ಕೇಳಿದರು. ಜಗಲಿಯ ಮೇಲಿಟ್ಟು ನಾಲ್ಕು ಮೂಲೆಗೂ ಕಲ್ಲು ಹೇರಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. "ಈ ಲೈನಲ್ಲಿ ಎಲ್ಲಾ ಮನೇದೂ ಹಿಂಗೇ ಇರತ್ತೆ ಮೇಡಂ, ಒಂದೇ ಕಾಲದಲ್ಲಿ ಕಟ್ಟಿದ್ದಲ್ವಾ" ಎಂದು, ಚೌಕವಿದ್ದ ಜಾಗವನ್ನು ಬೆರಳಲ್ಲಿ ದೊಡ್ಡದು ಮಾಡಿ ಹುಡುಗನಿಗೆ ತೋರಿಸಿದರು. ಆಮೇಲೆ ಇಬ್ಬರೂ ಎದುರು ಮನೆಯ ಟೈಲ್ಸು ಹಾಕಿದ ಅಂಗಳವನ್ನು ನೋಡುತ್ತಾ, ಗೇಟಿನಿಂದ ಎಷ್ಟು ಅಡಿ ಎಂದು ಲೆಕ್ಕ ಹಾಕತೊಡಗಿದರು.