ಔಷಧಿ ಕೊಟ್ಟರೆ ಜೀನ್ ಆನ್, ನಿಲ್ಲಿಸಿದರೆ ಆಫ್: ಮಿದುಳು ಸಂಶೋಧನೆಯ ಸ್ವಿಚ್‌ಗಳು ಕೇಳುವ ಪ್ರಶ್ನೆ ‘ಯಾವಾಗ?’

ನಮ್ಮ ವಿಜಯನಗರದ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವ ಎರಡು ಔಷಧಿಗಳ ಬಗ್ಗೆ ಹೇಳ್ತೀನಿ. ಡಾಕ್ಸಿಸೈಕ್ಲಿನ್ ಮೊಡವೆಗೂ ಇಲಿಜ್ವರಕ್ಕೂ ಡಾಕ್ಟರು ಬರೆದುಕೊಡುವ ಆ್ಯಂಟಿಬಯಾಟಿಕ್. ಟ್ಯಾಮಾಕ್ಸಿಫೆನ್ ಸ್ತನ ಕ್ಯಾನ್ಸರ್‌ನ ಔಷಧಿ. ಮಿದುಳು ಸಂಶೋಧನೆಯ ಲ್ಯಾಬ್‌ಗಳಲ್ಲಿ ಇವೇ ಎರಡು ಇಲಿಗಳ ಜೀನ್‌ಗೆ ಸ್ವಿಚ್.

ಏನಿದು ಸ್ವಿಚ್?

ಟೆಟ್ರಾಸೈಕ್ಲಿನ್ ಬಂದಿದ್ದನ್ನು ಗುರುತಿಸುವ ಪ್ರೋಟೀನ್ ಒಂದು ಬ್ಯಾಕ್ಟೀರಿಯಾದಲ್ಲಿದೆ. 1992ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಮ್ಯಾನ್‌ಫ್ರೆಡ್ ಗಾಸೆನ್ ಮತ್ತು ಹರ್ಮನ್ ಬುಜಾರ್ಡ್ ಅದಕ್ಕೆ ವೈರಸ್ ಪ್ರೋಟೀನಿನ ತುಣುಕೊಂದನ್ನು ಜೋಡಿಸಿ, ಜೀನ್ ಚಾಲೂ ಮಾಡುವ ಕೀಲಿ ಮಾಡಿದರು. ಡಾಕ್ಸಿಸೈಕ್ಲಿನ್ ಕೊಟ್ಟರೆ ಕೀಲಿ ಕಳಚಿಕೊಳ್ಳುತ್ತದೆ, ಜೀನ್ ಆಫ್. ಔಷಧಿ ಕೊಟ್ಟಾಗಲೇ ಆನ್ ಆಗುವ ಉಲ್ಟಾ ಆವೃತ್ತಿ 1995ರಲ್ಲಿ ಬಂತು.

1996ರಲ್ಲಿ ಎರಿಕ್ ಕ್ಯಾಂಡೆಲ್ ತಂಡ ಇಲಿಗಳಲ್ಲಿ ಬದಲಾಯಿಸಿದ ಜೀನ್ ಒಂದನ್ನು ಆನ್ ಮಾಡಿದಾಗ ಅವುಗಳ ಜಾಗದ ನೆನಪು ಕೆಟ್ಟಿತು. ಡಾಕ್ಸಿಸೈಕ್ಲಿನ್‌ನಿಂದ ಅದನ್ನು ಆಫ್ ಮಾಡಿದರೆ ನೆನಪಿನ ಶಕ್ತಿ ಮರಳಿತು.

ಟ್ಯಾಮಾಕ್ಸಿಫೆನ್ ದಾರಿ ಬೇರೆ. ಡಿಎನ್ಎ ಕತ್ತರಿಸುವ ಕ್ರೀ ಎಂಬ ಪ್ರೋಟೀನನ್ನು ಜೀವಕೋಶದ ಕೇಂದ್ರದ ಹೊರಗೆ ತಡೆದಿಟ್ಟಿರುತ್ತಾರೆ. ಔಷಧಿ ಬಂದರೆ ಒಳಗೆ ಹೋಗುತ್ತದೆ, ಕತ್ತರಿಸುತ್ತದೆ. ಈ ಬದಲಾವಣೆ ಶಾಶ್ವತ.

ಬೆಂಗಳೂರಿಗೇನು ಸಂಬಂಧ?

ಸಿನ್‌ಗ್ಯಾಪ್1 ಜೀನ್‌ನ ಒಂದು ಪ್ರತಿ ಕೆಟ್ಟರೆ ಮಕ್ಕಳಲ್ಲಿ ಬೌದ್ಧಿಕ ಬೆಳವಣಿಗೆ ಕುಂಠಿತವಾಗುತ್ತದೆ, ಹಲವರಿಗೆ ಫಿಟ್ಸ್, ಆಟಿಸಂ ಕೂಡ. ಇವತ್ತು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿರುವ ಜೇಮ್ಸ್ ಕ್ಲೆಮೆಂಟ್, ಅಮೆರಿಕದಲ್ಲಿದ್ದಾಗ 2012ರಲ್ಲಿ ಮೊದಲ ಲೇಖಕರಾಗಿ ಪ್ರಕಟಿಸಿದ ಅಧ್ಯಯನ ಈ ಜೀನ್‌ನದ್ದೇ. ವಯಸ್ಕ ಇಲಿಗಳಲ್ಲಿ ಜೀನ್ ಸರಿಪಡಿಸಿದರೂ ವರ್ತನೆ, ಕಲಿಕೆ ಸುಧಾರಿಸಲಿಲ್ಲ. ಹೊತ್ತು ಮೀರಿತ್ತು.

ಹಾಗಂತ ಎಲ್ಲ ಜೀನ್‌ಗೂ ಇದೇ ಲೆಕ್ಕ ಅಲ್ಲ. ರೆಟ್ ಸಿಂಡ್ರೋಮ್‌ನ ಜೀನನ್ನು ಎಡಿನ್‌ಬರೋದ ಏಡ್ರಿಯನ್ ಬರ್ಡ್ ತಂಡ 2007ರಲ್ಲಿ ಟ್ಯಾಮಾಕ್ಸಿಫೆನ್ ಕೊಟ್ಟು ಆನ್ ಮಾಡಿದಾಗ, ಬೆಳೆದ ಇಲಿಗಳ ಲಕ್ಷಣಗಳೂ ಹಿಂದೆ ಸರಿದವು. ಸಿನ್‌ಗ್ಯಾಪ್1ರಲ್ಲೇ 2019ರ ಅಧ್ಯಯನ, ವಯಸ್ಕ ಇಲಿಗಳಲ್ಲೂ ದೀರ್ಘಕಾಲದ ನೆನಪಿನಂಥ ಕೆಲವು ಅಂಶಗಳು ಸುಧಾರಿಸುತ್ತವೆ ಎಂದು ತೋರಿಸಿತು.

ಇದು ರಾಜಕೀಯ ಪ್ರಶ್ನೆಯೂ ಹೌದು

ಸ್ಪಷ್ಟವಾಗಿ ಹೇಳಬೇಕು: ಇದು ಚಿಕಿತ್ಸೆ ಅಲ್ಲ. ಆ ಇಲಿಗಳಲ್ಲಿ ಸ್ವಿಚ್ಚನ್ನು ಹುಟ್ಟುವ ಮೊದಲೇ ಕೂರಿಸಿರುತ್ತಾರೆ. ಮಗುವಿಗೆ ಇದೇ ಔಷಧಿ ಕೊಟ್ಟರೆ ಯಾವ ಜೀನೂ ಸರಿಯಾಗಲ್ಲ. ಹಾಗೆ ಹೇಳಿ ದುಡ್ಡು ಕೇಳುವವರನ್ನು ನಂಬಬೇಡಿ.

ಆದರೆ ‘ಯಾವಾಗ’ ಅನ್ನೋದು ‘ಏನು’ ಎಂಬಷ್ಟೇ ಮುಖ್ಯ ಅಂತ ಈ ಸ್ವಿಚ್‌ಗಳು ತೋರಿಸಿವೆ. ನಾಳೆ ಚಿಕಿತ್ಸೆ ಬಂದರೂ, ಐದು ವರ್ಷ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದ ಮೇಲೆ ಕಾಯಿಲೆಯ ಹೆಸರು ತಿಳಿಯುವ ಮಗುವಿಗೆ ಅದು ತಡವಾಗಿ ತಲುಪಬಹುದು. ಮಕ್ಕಳ ಬೆಳವಣಿಗೆಯ ತೊಡಕುಗಳನ್ನು ಬೇಗ ಗುರುತಿಸಲೆಂದೇ 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಯಿತು. ಅದರ ತಂಡಗಳು ಅಂಗನವಾಡಿಗೂ ಸರ್ಕಾರಿ ಶಾಲೆಗೂ ಹೋಗಬೇಕು. ನಿಮ್ಮ ವಾರ್ಡಿನ ಅಂಗನವಾಡಿಗೆ ಆ ತಂಡ ಕೊನೆಯ ಸಲ ಬಂದದ್ದು ಯಾವಾಗ? ಶಾಸಕರನ್ನು ಮೊದಲು ಅದನ್ನೇ ಕೇಳಿ.